ಕಲ್ಲಿನ ಬೆಟ್ಟಕ್ಕೆ ಬಣ್ಣ: ನಂದಿಯ ಎದುರು ಕೂತು ಚಿತ್ರ ಬರೆಯುವ ಬಗೆ

ಬೆಟ್ಟದ ಚಿತ್ರ ಬರೆಯಿರಿ ಅಂದರೆ ಜಾಸ್ತಿ ಜನರ ಕೈ ತಾನಾಗಿ ಎರಡು ತ್ರಿಕೋನ ಎಳೆಯುತ್ತದೆ. ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ತೆಂಗಿನ ಮರ. ಶಾಲೆಯ ಡ್ರಾಯಿಂಗ್ ಪುಸ್ತಕದಿಂದ ಬಂದ ಅಭ್ಯಾಸ ಅದು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯವರಿಗೆ ಊರು ದಾಟಿದರೆ ಸಾಕು, ಬೆಟ್ಟ ಕಾಣುತ್ತದೆ. ಆದರೂ ನಮ್ಮ ಕಾಗದದ ಮೇಲೆ ನಮ್ಮ ಬೆಟ್ಟ ಬರುವುದು ಅಪರೂಪ, ಅಲ್ವಾ?

ನಮ್ಮ ಕಡೆಯ ಬೆಟ್ಟಗಳಿಗೆ ಹಿಮ ಇಲ್ಲ, ಮಲೆನಾಡಿನ ದಟ್ಟ ಹಸಿರೂ ಇಲ್ಲ. ಬಯಲಿನ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುವ ಕಲ್ಲು ಅವು. ಉರುಟು ನೆತ್ತಿ, ಬೋಳು ಹಾಸುಬಂಡೆ, ಸೀಳುಗಳಲ್ಲಿ ಕುರುಚಲು ಗಿಡ. ಇಂಥ ಬೆಟ್ಟ ಕಾಗದಕ್ಕೆ ಬರಬೇಕಾದರೆ ಮೊದಲು ಅದರ ಎದುರು ಕೂತು ಹೊತ್ತು ಕಳೆಯಬೇಕು. ಬಣ್ಣದ ಮಾತು ಆಮೇಲೆ. ನಂದಿಬೆಟ್ಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಹೊರಗೆ ಹೋಗಿ ಕೂರುವುದರಿಂದ ಹಿಡಿದು ಮನೆಯಲ್ಲಿ ಜಲವರ್ಣದ ಚಿತ್ರ ಮುಗಿಸುವವರೆಗೆ ಒಂದೊಂದಾಗಿ ಹೇಳುತ್ತೇನೆ.

ಎಲ್ಲಿ ಕೂರಬೇಕು, ಯಾವ ಹೊತ್ತಿಗೆ

ನಂದಿಬೆಟ್ಟ ಬರೆಯಬೇಕು ಅಂದವರೆಲ್ಲ ಬೆಟ್ಟದ ಮೇಲಕ್ಕೆ ಹೋಗುತ್ತಾರೆ. ಮೇಲೆ ನಿಂತರೆ ಕಾಣುವುದು ಬಯಲು ಮತ್ತು ಸುತ್ತಲಿನ ಬೇರೆ ಗಿರಿಗಳು. ಅದೂ ಒಳ್ಳೆಯ ವಸ್ತುವೇ. ಆದರೆ ನಂದಿಬೆಟ್ಟವೇ ಬೇಕಾದರೆ ಕೆಳಗೆ ನಿಲ್ಲಬೇಕು. ಭೋಗನಂದೀಶ್ವರ ದೇವಸ್ಥಾನ ಇರುವ ನಂದಿ ಗ್ರಾಮದ ಸುತ್ತಲಿನ ಹೊಲಗಳ ಕಡೆಯಿಂದ ನೋಡಿ. ಎದುರಿಗೆ ದ್ರಾಕ್ಷಿ ತೋಟ, ರಾಗಿ ಹೊಲ, ಅದರ ಹಿಂದೆ ಮರಗಳ ಸಾಲು, ಅದರ ಹಿಂದೆ ಇಡೀ ಬೆಟ್ಟ. ಚಿತ್ರಕ್ಕೆ ಬೇಕಾದ ಮುಂದು, ನಡು, ಹಿಂದು ಮೂರೂ ಒಂದೇ ಕಡೆ ಸಿಗುತ್ತವೆ. ಹೊಲದ ಬದುವಿನ ಮೇಲೆ ಕೂರುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳಿ. ಬೇಡ ಅನ್ನುವವರು ಕಡಿಮೆ. ಸ್ವಲ್ಪ ಹೊತ್ತಿಗೆ ಅವರೇ ಬಂದು ಹಿಂದೆ ನಿಂತು ನೋಡುತ್ತಾರೆ, ಬೆಟ್ಟದ ಯಾವ ಮೂಲೆಯಲ್ಲಿ ಏನಿದೆ ಅಂತ ಹೇಳುತ್ತಾರೆ.

ಈ ಕಡೆಯಿಂದ ನೋಡುವಾಗ ಬೆಳಗಿನ ಬಿಸಿಲು ಬೆಟ್ಟದ ಮುಖದ ಮೇಲೇ ಬೀಳುತ್ತದೆ. ಬಂಡೆಯ ಉಬ್ಬು ತಗ್ಗು, ಸೀಳು, ಕಲೆ ಎಲ್ಲ ಬಿಡಿಸಿ ತೋರುತ್ತದೆ. ಸಂಜೆ ಸೂರ್ಯ ಬೆಟ್ಟದ ಹಿಂದಕ್ಕೆ ಇಳಿಯುತ್ತಾನೆ. ಆಗ ಒಳಗಿನ ವಿವರ ಎಲ್ಲ ಮಾಯವಾಗಿ ಬೆಟ್ಟ ಒಂದೇ ಗಾಢ ಆಕಾರವಾಗುತ್ತದೆ. ಹೊಸಬರಿಗೆ ನನ್ನ ಸಲಹೆ: ಮೊದಲು ಸಂಜೆ ಬರೆಯಿರಿ, ಆಕಾರ ಕಲಿಯಿರಿ. ಆಮೇಲೆ ಬೆಳಗ್ಗೆ ಬನ್ನಿ. ನಡುಮಧ್ಯಾಹ್ನ ಮಾತ್ರ ಬೇಡ. ಬಿಸಿಲು ನೆತ್ತಿಗೆ ಬಂದಾಗ ನೆರಳೆಲ್ಲ ಬಂಡೆಯ ಕೆಳಗೆ ಅಡಗಿ, ಬೆಟ್ಟ ಚಪ್ಪಟೆಯಾಗಿ ಕಾಣುತ್ತದೆ.

ಕಾಲ ಯಾವುದಾದರೂ ಸರಿ, ಬಣ್ಣ ಮಾತ್ರ ಪೂರ್ತಿ ಬದಲಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಾಳಿ ತೊಳೆದಂತಿದ್ದು ದೂರದ ಗುಡ್ಡವೂ ಹತ್ತಿರ ಬಂದಂತಿರುತ್ತದೆ. ಹೊಲಗಳಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಬುಡದಲ್ಲಿ ಮಂಜು, ಕೊಯ್ದ ರಾಗಿ ಹೊಲದ ಕಂದು. ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿ ಬೆಟ್ಟವೇ ಮಾಸಲು ಹೊಂಬಣ್ಣಕ್ಕೆ ತಿರುಗುತ್ತದೆ, ಅಲ್ಲಲ್ಲಿ ಮುತ್ತುಗ ಕೆಂಪಗೆ ಉರಿಯುತ್ತದೆ. ಯುಗಾದಿ ಸುತ್ತಮುತ್ತ ಹೊಂಗೆ ಚಿಗುರುತ್ತದಲ್ಲ, ಆ ಎಳೆ ಹಸಿರು ವರ್ಷದಲ್ಲಿ ಬೇರೆ ಯಾವಾಗಲೂ ಸಿಗುವುದಿಲ್ಲ. ನನಗೆ ಒಣ ಹುಲ್ಲಿನ ಕಾಲವೇ ಹೆಚ್ಚು ಇಷ್ಟ. ಹಸಿರು ಹಿಂದೆ ಸರಿದಾಗಲೇ ಕಲ್ಲು ಎದ್ದು ಕಾಣುವುದು.

ಚೀಲದಲ್ಲಿ ಏನಿರಬೇಕು

ಸ್ವಲ್ಪ ಸಾಕು. 300 ಜಿಎಸ್ಎಂ ದಪ್ಪದ ಜಲವರ್ಣದ ಕಾಗದ, ಎ5 ಅಳತೆಗೆ ಕತ್ತರಿಸಿದ್ದು. ತೆಳು ಕಾಗದ ಒದ್ದೆಯಾದರೆ ಏಳುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಕಾಗದವನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದು ರಟ್ಟಿಗೆ ಅಂಟಿಸಿಕೊಂಡೇ ಮನೆಯಿಂದ ಹೊರಡಿ. ಒಂದು ದೊಡ್ಡ ರೌಂಡ್ ಬ್ರಷ್, ಒಂದು ಸಣ್ಣದು, ಒಂದು ಇಂಚಿನ ಫ್ಲ್ಯಾಟ್. ಪೆನ್ಸಿಲ್, ಹಳೆಯ ಬಟ್ಟೆ ಚೂರು, ಎರಡು ಡಬ್ಬಿ ನೀರು, ಒಂದು ತೊಳೆಯುವುದಕ್ಕೆ, ಇನ್ನೊಂದು ಕಲಸುವುದಕ್ಕೆ.

ಬಣ್ಣ ಐದೇ ಇರಲಿ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್ (ಗಾಢ ಕೆಂಪು), ಒಂದು ನಿಂಬೆ ಹಳದಿ. ಕಪ್ಪನ್ನು ಮನೆಯಲ್ಲೇ ಬಿಟ್ಟು ಬನ್ನಿ. ಟ್ಯೂಬಿನ ಹಸಿರೂ ಬೇಡ. ನಮ್ಮ ಕಡೆಯ ಗಿಡಗಳ ಹಸಿರಿನಲ್ಲಿ ಯಾವಾಗಲೂ ಸ್ವಲ್ಪ ಧೂಳು, ಸ್ವಲ್ಪ ಕಂದು ಇರುತ್ತದೆ. ಓಕರ್‌ಗೆ ಅಲ್ಟ್ರಾಮರೀನ್ ಸೇರಿಸಿದರೆ ಆ ಹಸಿರು ಸಿಗುತ್ತದೆ. ಟ್ಯೂಬಿನ ಹಸಿರು ಅಷ್ಟು ದೂರದಿಂದಲೇ ಕೂಗುತ್ತದೆ.

ಟೋಪಿ ಬೇಕೇ ಬೇಕು. ಬಿಳಿ ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಬಣ್ಣ ತಿಳಿಯಾಗಿ ತೋರಿ ಬೇಕಾದ್ದಕ್ಕಿಂತ ಗಾಢ ಹಾಕಿಬಿಡುತ್ತೀರಿ. ನಿಮ್ಮದೇ ನೆರಳು ಕಾಗದದ ಮೇಲೆ ಬೀಳುವಂತೆ ಕೂತುಕೊಳ್ಳಿ. ಬಣ್ಣ ಹಾಕುವಾಗ ಕೂಲಿಂಗ್ ಗ್ಲಾಸ್ ತೆಗೆದಿಡಿ.

ನಂದಿಬೆಟ್ಟದ ಮೇಲೆ, ದೇವರಾಯನದುರ್ಗದಲ್ಲಿ ಕೂರುವುದಾದರೆ ಕೋತಿಗಳ ಬಗ್ಗೆ ಎಚ್ಚರ. ತಿಂಡಿ ಚೀಲದೊಳಗೇ ಇರಲಿ, ಚೀಲ ಕೈಗೆ ಸಿಕ್ಕಿಕೊಂಡಿರಲಿ. ಕಡಿದಾದ ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದು ಕಂಡರೆ ಸುಮ್ನೆ ಜಾಗ ಬದಲಿಸಿ. ಅದರ ಹತ್ತಿರ ಹೊಗೆ, ಗಲಾಟೆ, ಕಲ್ಲೆಸೆಯುವುದು ಯಾವುದೂ ಕೂಡದು. ಸ್ಕಂದಗಿರಿ ಹತ್ತುವವರು ಮುಂಚೆಯೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಿಕೊಂಡು ಹೋಗಬೇಕು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಬಂಡೆಗಳ ಮೇಲೆ ಮಳೆ ನೀರು ನಿಲ್ಲುವ ದೊಣೆಗಳಿರುತ್ತವೆ. ಅದರಲ್ಲಿ ಬ್ರಷ್ ತೊಳೆಯಬೇಡಿ, ಬಣ್ಣದ ನೀರು ಚೆಲ್ಲಬೇಡಿ. ಹಕ್ಕಿ, ಕಪ್ಪೆ, ಮೇಯುವ ಆಡು ಎಲ್ಲದಕ್ಕೂ ಆ ನೀರೇ ಆಸರೆ. ಕೊಳೆ ನೀರನ್ನು ಮುಚ್ಚಳದ ಬಾಟಲಿಗೆ ಸುರಿದು ವಾಪಸ್ ತನ್ನಿ.

ಮೊದಲು ನೋಡುವುದು

ಕೂತ ತಕ್ಷಣ ಬ್ರಷ್ ತೆಗೆಯಬೇಡಿ. ಒಂದು ಕಾಲು ಗಂಟೆ ಬೆಟ್ಟ ನೋಡಿ. ಬಿಸಿಲು ಸರಿಯುವುದು ಆ ಕಾಲು ಗಂಟೆಯಲ್ಲೇ ಗೊತ್ತಾಗುತ್ತದೆ. ಈಗ ಬೆಳಗಿದ್ದ ಬಂಡೆ ಆಮೇಲೆ ಮಬ್ಬಾಗುತ್ತದೆ, ಕಾಣದಿದ್ದ ಒಂದು ಸೀಳು ಹೊರಬರುತ್ತದೆ.

ನಂತರ ಅಳತೆ. ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಬೆಟ್ಟದ ಎತ್ತರ ಎಷ್ಟು, ಅಗಲ ಎಷ್ಟು ನೋಡಿ. ಎಲ್ಲರೂ ಬೆಟ್ಟವನ್ನು ಇರುವುದಕ್ಕಿಂತ ಕಡಿದಾಗಿ ಬರೆಯುತ್ತಾರೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್. ಆದರೆ ಚಿಕ್ಕಬಳ್ಳಾಪುರದ ಬಯಲೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಕಣ್ಣೆದುರಿನ ಏರು 600 ಮೀಟರ್‌ಗಿಂತ ಕಡಿಮೆ, ಅಗಲವೇ ಹೆಚ್ಚು. ಮಲಗಿದ ಬಸವನ ಹಾಗೆ ಕಾಣುತ್ತದೆ ಅಂತ ಜನ ಹೇಳುವುದು ಚಿತ್ರ ಬರೆಯುವವರಿಗೂ ಸಹಾಯಕ್ಕೆ ಬರುತ್ತದೆ. ಉದ್ದನೆಯ ಬೆನ್ನು ಮೊದಲು, ಕಡಿದಾದ ಬಂಡೆಯ ಮುಖ ಆಮೇಲೆ.

ಈಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಚೌಕ ಎಳೆದು, ಅದರೊಳಗೆ ಪೆನ್ಸಿಲಿನಲ್ಲಿ ಮೂರೇ ಛಾಯೆಯ ಚಿತ್ರ ಮಾಡಿ: ತಿಳಿ, ನಡು, ಗಾಢ. ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣಪುಟ್ಟ ವಿವರ ಕರಗಿ ಈ ಮೂರು ಉಳಿಯುತ್ತವೆ. ಸಾಮಾನ್ಯವಾಗಿ ಆಕಾಶ ತಿಳಿ, ಬೆಟ್ಟ ನಡು, ಹತ್ತಿರದ ಮರಗಳು ಗಾಢ. ಆದರೆ ಬೆಳಗಿನ ಬಿಸಿಲಲ್ಲಿ ಬೋಳು ಬಂಡೆ ಆಕಾಶಕ್ಕಿಂತ ತಿಳಿಯಾಗಿ ಹೊಳೆಯುವುದುಂಟು. ಇದನ್ನು ನೋಡಿದವರಿಗೇ ಗೊತ್ತು, ಊಹೆಯಿಂದ ಬರೆದರೆ ತಪ್ಪಿಹೋಗುತ್ತದೆ. ಈ ಪುಟ್ಟ ಚಿತ್ರ ಸರಿ ಬಂತೆಂದರೆ ಅರ್ಧ ಕೆಲಸ ಮುಗಿದ ಹಾಗೆ. ಎರಡು ಮೂರು ಮಾಡಿ, ಚೆನ್ನಾಗಿ ಕೂತದ್ದನ್ನು ಆರಿಸಿಕೊಳ್ಳಿ.

ಪಕ್ಕದಲ್ಲೇ ಟಿಪ್ಪಣಿ ಬರೆಯಿರಿ. ಉದ್ದ ಬೇಡ, ಹೀಗೆ ಸಾಕು: "ಬೆಳಗ್ಗೆ 7.10. ಎಡದ ಬಂಡೆ ತಿಳಿ, ಸ್ವಲ್ಪ ಗುಲಾಬಿ. ನೆರಳು ನೀಲಿ, ಕಪ್ಪಿಲ್ಲ. ಬುಡದಲ್ಲಿ ಮಂಜು, ಮರಗಳ ತಲೆ ಮಾತ್ರ ಕಾಣ್ತಿದೆ. ಬಲಗಡೆ ಗುಡ್ಡ ಆಕಾಶದಷ್ಟೇ ತೆಳು. ಗಾಳಿ ಇಲ್ಲ, ತಣ್ಣಗೆ." ಮನೆಗೆ ಬಂದು ಬಣ್ಣ ಕಲಸುವಾಗ ನಿಮ್ಮ ಕೈ ಹಿಡಿಯುವುದು ಈ ಸಾಲುಗಳೇ.

ಫೋಟೊ ತೆಗೆಯಬೇಡಿ ಅಂತ ಹೇಳುವುದಿಲ್ಲ. ಆದರೆ ಫೋನಿನ ಅಗಲ ಲೆನ್ಸ್ ದೂರದ ಬೆಟ್ಟವನ್ನು ಕುಗ್ಗಿಸಿ, ಮುಂದಿನ ಹೊಲವನ್ನು ಹಿಗ್ಗಿಸುತ್ತದೆ. ನೆರಳನ್ನು ಕಪ್ಪು ಮಾಡುತ್ತದೆ, ಇಲ್ಲವೇ ಆಕಾಶವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಮರದ ರೆಂಬೆ, ಬಂಡೆಯ ಸೀಳಿನ ವಿವರಕ್ಕೆ ಫೋಟೊ ಇಟ್ಟುಕೊಳ್ಳಿ. ಆಕಾರಕ್ಕೆ, ಛಾಯೆಗೆ ನಿಮ್ಮ ಪುಟ್ಟ ಚಿತ್ರವನ್ನೇ ನಂಬಿ.

ಸ್ಥಳದಲ್ಲೇ ಬಣ್ಣವನ್ನೂ ಹಾಕುವುದಾದರೆ ಹವೆಯನ್ನು ಗಮನಿಸಿ. ಮಾರ್ಚ್ ಬಿಸಿಲಲ್ಲಿ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಅಗಲ ಪದರ, ಎಳೆದು ಮುಗಿಸುವುದರೊಳಗೆ ಒಣಗುತ್ತದೆ. ಸಣ್ಣ ಕಾಗದ, ಹೆಚ್ಚು ನೀರು, ದೊಡ್ಡ ಬ್ರಷ್ ಇದ್ದರೆ ಸುಧಾರಿಸಬಹುದು. ಮಂಜಿನ ಬೆಳಗ್ಗೆ ಉಲ್ಟಾ, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಆಗ ಒದ್ದೆಯ ಮೇಲೆ ಒದ್ದೆ ಬಣ್ಣ ಬಿಟ್ಟು ಹರಿಯಲು ಬಿಡಿ, ಮಂಜು ತಾನೇ ಬರುತ್ತದೆ.

ಮನೆಯಲ್ಲಿ: ಆಕಾಶದಿಂದ ಬುಡದವರೆಗೆ

ಎ4 ಅಳತೆಯ ಕಾಗದ ಅಂಟಿಸಿಕೊಳ್ಳಿ. ಪೆನ್ಸಿಲ್ ಗೆರೆ ತೆಳುವಾಗಿರಲಿ. ಬಯಲು ಮತ್ತು ಆಕಾಶ ಸೇರುವ ಗೆರೆ ಕಾಗದದ ಸರಿ ಅರ್ಧಕ್ಕೆ ಬರದಂತೆ ಸ್ವಲ್ಪ ಕೆಳಗೆ ಇಡಿ. ಬೆಟ್ಟಕ್ಕೆ ಎದ್ದು ನಿಲ್ಲಲು ಜಾಗ ಬೇಕು.

ಇಡೀ ಆಕಾಶವನ್ನು ಬರೀ ನೀರಿನಿಂದ ಒದ್ದೆ ಮಾಡಿ. ಮೇಲಿನಿಂದ ತಿಳಿ ಅಲ್ಟ್ರಾಮರೀನ್ ಎಳೆಯುತ್ತಾ ಬನ್ನಿ, ಕೆಳಗೆ ಬಂದಂತೆ ನೀರು ಹೆಚ್ಚಿಸಿ. ಬೆಟ್ಟದ ಹತ್ತಿರ ಒಂದಿಷ್ಟೇ ಓಕರ್. ಬೆಳಗಿನ ಆಕಾಶ ಬುಡದಲ್ಲಿ ಬೆಚ್ಚಗಿರುತ್ತದೆ. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಒಂದು ಪಾಲು ಗಾಢವಾಗಿ ಕಲಸಿ. ಹಾಕಿದ ಮೇಲೆ ಕೈ ಬಿಡಿ. ಅರ್ಧ ಒಣಗಿದ ಬಣ್ಣದೊಳಗೆ ಮತ್ತೆ ಒದ್ದೆ ಬ್ರಷ್ ಇಟ್ಟರೆ ಅಂಚು ಕಟ್ಟಿದ ಕಲೆ ಮೂಡುತ್ತದೆ. ಪೂರ್ತಿ ಒಣಗಲಿ.

ಮುಂದೆ ದೂರದ ಗುಡ್ಡಗಳು. ಕಣ್ಣಿಗೂ ಗುಡ್ಡಕ್ಕೂ ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತದೆ, ದೂರ ಹೆಚ್ಚಿದಷ್ಟೂ ಗುಡ್ಡ ನೀಲಿಯಾಗಿ, ತೆಳುವಾಗಿ ಕಾಣುತ್ತದೆ. ಅಲ್ಟ್ರಾಮರೀನ್‌ಗೆ ಚಿಟಿಕೆ ಕ್ರಿಮ್ಸನ್ ಸೇರಿಸಿ, ಬೇಕಾದಷ್ಟು ನೀರು ಹಾಕಿ ಮೊದಲ ಸಾಲು ಎಳೆಯಿರಿ. ಒಣಗಿದ ಮೇಲೆ ಅದೇ ಬಣ್ಣಕ್ಕೆ ಸ್ವಲ್ಪ ಸಿಯೆನ್ನಾ ಸೇರಿಸಿ ಎರಡನೆಯ ಸಾಲು. ಹತ್ತಿರ ಬಂದಂತೆ ನೀಲಿ ಕಡಿಮೆ, ಕಂದು ಹೆಚ್ಚು, ನೀರು ಕಡಿಮೆ. ಪ್ರತಿ ಸಾಲಿನ ಮೇಲಂಚು ಖಚಿತವಾಗಿರಲಿ, ಬುಡವನ್ನು ಮಾತ್ರ ಬರೀ ನೀರಿನ ಬ್ರಷ್‌ನಿಂದ ಮಾಸಿಬಿಡಿ. ಮಂಜು, ಧೂಳು ತಗ್ಗಿನಲ್ಲೇ ದಟ್ಟವಾಗಿರುವುದು. ಈ ಒಂದೇ ಕೆಲಸದಿಂದ ಚಿತ್ರಕ್ಕೆ ಮೈಲಿಗಟ್ಟಲೆ ಆಳ ಬರುತ್ತದೆ.

ಬಂಡೆಯ ಮೈ

ಇಲ್ಲಿ ನಿಧಾನ ಮಾಡಿ. ನಮ್ಮ ಬೆಟ್ಟದ ಜೀವ ಇರುವುದೇ ಇಲ್ಲಿ.

ಒಮ್ಮೆ ಹಾಸುಬಂಡೆಯ ಹತ್ತಿರ ಹೋಗಿ ಕೈಯಿಟ್ಟು ನೋಡಿ. ದೂರದಿಂದ ಒಂದೇ ಬೂದು ಬಣ್ಣ ಅನಿಸಿದ್ದು ಹತ್ತಿರದಲ್ಲಿ ಹಾಗಿರುವುದಿಲ್ಲ. ಬಿಳಿ, ತಿಳಿ ಗುಲಾಬಿ, ಗಾಜಿನಂಥ ಹರಳು, ನಡುನಡುವೆ ಕರಿ ಅಭ್ರಕದ ಚುಕ್ಕೆ. ಮೇಲೆ ಕಲ್ಲುಹೂವಿನ ಬಿಳಿ, ಮಾಸಲು ಹಸಿರು, ಕಿತ್ತಳೆ ಬಣ್ಣದ ಬಿಲ್ಲೆಗಳು. ಮಳೆ ನೀರು ಇಳಿಯುವ ದಾರಿಯಲ್ಲಿ ಪಾಚಿ ಬೆಳೆದು ಒಣಗಿ ನೆತ್ತಿಯಿಂದ ಬುಡದವರೆಗೆ ಕರಿ ಪಟ್ಟೆ. ಬಿಸಿಲು ಮಳೆಗೆ ಬಂಡೆಯ ಮೇಲ್ಮೈ ಹಲಗೆ ಹಲಗೆಯಾಗಿ ಎದ್ದು ಬೀಳುತ್ತದೆ. ಹಾಗೆ ಹೊಸದಾಗಿ ಬಿದ್ದ ಕಡೆ ಕಲ್ಲು ತಿಳಿ, ಹಳೆಯ ಮೈ ಮಾಸಲು. ಮೂಲೆಗಳು ಸವೆದು ಸವೆದು ಗುಂಡಾಗುತ್ತವೆ. ಅದಕ್ಕೇ ನಮ್ಮ ಬೆಟ್ಟಗಳಲ್ಲಿ ಚೂಪು ತುದಿ ಕಡಿಮೆ. ಇಷ್ಟು ತಿಳಿದವರು ಬಂಡೆಗೆ ಅಡ್ಡಾದಿಡ್ಡಿ ಗೆರೆ ಎಳೆಯುವುದಿಲ್ಲ. ಕರಿ ಪಟ್ಟೆ ಯಾವಾಗಲೂ ಇಳಿಜಾರಿನ ದಿಕ್ಕಿಗೆ, ಸೀಳು ಉಬ್ಬಿನ ಸುತ್ತ ಬಾಗಿ.

ಬಣ್ಣ ಕಲಸುವುದು ಸುಲಭ. ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್, ಎರಡೇ. ಸಿಯೆನ್ನಾ ಹೆಚ್ಚಾದರೆ ಬಿಸಿಲು ಬಿದ್ದ ಕಲ್ಲು, ನೀಲಿ ಹೆಚ್ಚಾದರೆ ನೆರಳು, ಎರಡೂ ಸಮವಾಗಿ ಗಟ್ಟಿಯಾಗಿ ಕಲಸಿದರೆ ಹೆಚ್ಚುಕಮ್ಮಿ ಕಪ್ಪು. ಅಲ್ಟ್ರಾಮರೀನ್‌ನ ಕಣ ಒರಟು ಕಾಗದದ ಸಣ್ಣ ಗುಳಿಗಳಲ್ಲಿ ಕೂತು ಚುಕ್ಕೆ ಚುಕ್ಕೆಯಾಗುತ್ತದೆ, ನೋಡಿದರೆ ಗ್ರಾನೈಟೇ. ತಟ್ಟೆಯಲ್ಲಿ ಪೂರ್ತಿ ಕಲಸಬೇಡಿ. ಅರ್ಧಂಬರ್ಧ ಕಲಸಿ, ಉಳಿದದ್ದು ಕಾಗದದ ಮೇಲೆ ಬೆರೆಯಲಿ.

ಮೊದಲು ಬೆಟ್ಟದ ಇಡೀ ಮೈಗೆ ತುಂಬಾ ತಿಳಿಯಾದ ಓಕರ್ ಮತ್ತು ಸಿಯೆನ್ನಾ ವಾಶ್. ಬಿಸಿಲು ನೇರವಾಗಿ ಬೀಳುವ ಬಂಡೆಯ ಜಾಗದಲ್ಲಿ ಕಾಗದವನ್ನು ಹಾಗೇ ಬಿಳಿ ಬಿಡಿ. ಒಣಗಿದ ಮೇಲೆ ನೆರಳಿನ ಆಕಾರಗಳನ್ನು ಒಂದೇ ಉಸಿರಿಗೆ ಹಾಕಿ. ಒಂದು ಅಂಚು ಗಟ್ಟಿ, ಇನ್ನೊಂದು ಅಂಚು ನೀರಿನ ಬ್ರಷ್‌ನಿಂದ ಮಾಸಿದ್ದು, ಆಗ ಬಂಡೆ ಉಬ್ಬುತ್ತದೆ. ಕರಿ ಪಟ್ಟೆಗಳಿಗೆ ಬ್ರಷ್ ಅನ್ನು ಬಟ್ಟೆಗೆ ಒತ್ತಿ ಒಣಗಿಸಿ, ಪಕ್ಕಕ್ಕೆ ಓರೆಯಾಗಿ ಹಿಡಿದು, ಮೇಲಿನಿಂದ ಕೆಳಕ್ಕೆ ಹಗುರವಾಗಿ ಸವರಿ. ಗೆರೆ ಒಡೆದೊಡೆದು ಬರಬೇಕು. ಎಲ್ಲ ಕಡೆ ಹಾಕಬೇಡಿ, ಕಣ್ಣು ಮೊದಲು ಹೋದ ಎರಡು ಮೂರು ಜಾಗ ಸಾಕು. ಸೀಳುಗಳಲ್ಲಿನ ಗಿಡಗಳಿಗೆ ಮಾಸಲು ಹಸಿರನ್ನು ಚುಕ್ಕೆಯಾಗಿ ಇಡಿ, ಎಲೆ ಬಿಡಿಸಲು ಹೋಗಬೇಡಿ.

ಊರಿಂದ ಊರಿಗೆ ಕಲ್ಲಿನ ಬಣ್ಣವೂ ಬೇರೆ. ಮಧುಗಿರಿ, ಪಾವಗಡ ಕಡೆ ಹಾದುಹೋಗುವುದು ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ರಾಮನಗರದ ಹಳೆಯ ಹೆಸರೇ ಅದಕ್ಕೆ ಬಂದಿದೆ. ಅದರಲ್ಲಿ ಗುಲಾಬಿ ಬಣ್ಣದ ದಪ್ಪ ಹರಳು ಹೆಚ್ಚು, ಆದ್ದರಿಂದ ಮಧುಗಿರಿಯ ಏಕಶಿಲಾ ಬೆಟ್ಟ ಬರೆಯುವಾಗ ಮೊದಲ ವಾಶ್‌ಗೆ ಒಂದು ಹನಿ ಕ್ರಿಮ್ಸನ್ ಸೇರಿಸಿ. ಕೋಲಾರದ ಅಂತರಗಂಗೆಯಲ್ಲಿ ಬೆಟ್ಟಕ್ಕಿಂತ ಗುಂಡುಗಳೇ ವಸ್ತು. ಒಂದರ ಮೇಲೊಂದು ಒರಗಿದ ಬಂಡೆ, ನಡುವಿನ ಕತ್ತಲೆ ಸಂದು. ಬಂಡೆ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಗುಡಿಬಂಡೆಯಲ್ಲಿ ಕೋಟೆ ಬೆಟ್ಟದ ಜೊತೆ ಬೈರಸಾಗರ ಕೆರೆಯೂ ಸಿಗುತ್ತದೆ. ನೀರಿನಲ್ಲಿ ಬೆಟ್ಟದ ಗಾಢ ಬಣ್ಣ ಸ್ವಲ್ಪ ತಿಳಿಯಾಗಿ, ಆಕಾಶದ ತಿಳಿ ಬಣ್ಣ ಸ್ವಲ್ಪ ಗಾಢವಾಗಿ ಕಾಣುತ್ತದೆ ಅನ್ನುವುದು ನೆನಪಿದ್ದರೆ ಸಾಕು.

ಮುಂದಿನ ಹೊಲ, ಮತ್ತು ನಿಲ್ಲಿಸುವುದು

ಎದುರಿನ ತೋಟ, ಹೊಲ, ಮರಗಳನ್ನು ಕಡೆಗೆ ಬರೆಯಿರಿ. ಗಾಢ ಬಣ್ಣ ಇಲ್ಲಿಗೇ ಮೀಸಲು. ಹುಣಸೆ ಮರ ದಟ್ಟ ಗುಂಡು ಆಕಾರ, ನೀಲಗಿರಿ ಉದ್ದಕ್ಕೆ ತೆಳು, ತೆಂಗು ಬೇರೆ. ಆಕಾರ ಸರಿಯಿದ್ದರೆ ಎಲೆ ಬೇಕಿಲ್ಲ. ದ್ರಾಕ್ಷಿ ಚಪ್ಪರದ ಕಲ್ಲು ಕಂಬಗಳ ಸಾಲು ದೂರ ಹೋದಂತೆ ಗಿಡ್ಡವಾಗುತ್ತದೆ, ಅದು ನೋಡುವವರನ್ನು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗುತ್ತದೆ. ಒಬ್ಬ ಮನುಷ್ಯ ಅಥವಾ ಒಂದು ಹಸು ಇದ್ದರೆ ಬೆಟ್ಟದ ಗಾತ್ರ ತಾನೇ ಗೊತ್ತಾಗುತ್ತದೆ. ಒಂದೇ ಸಾಕು.

ಆಮೇಲೆ ಚಿತ್ರವನ್ನು ಗೋಡೆಗೆ ಒರಗಿಸಿ, ಕೋಣೆಯ ಆಚೆ ತುದಿಯಿಂದ ನೋಡಿ. ಪುಟ್ಟ ಪೆನ್ಸಿಲ್ ಚಿತ್ರವನ್ನು ಪಕ್ಕಕ್ಕೆ ಹಿಡಿಯಿರಿ. ಆ ಮೂರು ಛಾಯೆ ಇಲ್ಲೂ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ನಿಲ್ಲಿಸಿ. ಎಲ್ಲವೂ ನಡು ಛಾಯೆಗೇ ಬಂದು ನಿಂತಿದ್ದರೆ ಮುಂದಿನ ಮರಗಳನ್ನು ಇನ್ನಷ್ಟು ಗಾಢ ಮಾಡಿ, ಬೆಟ್ಟ ತಾನಾಗಿ ಹಿಂದೆ ಸರಿಯುತ್ತದೆ. ಬೆಟ್ಟವನ್ನೇ ಮತ್ತೆ ಮತ್ತೆ ಉಜ್ಜಿದರೆ ಬಣ್ಣ ಕೆಸರಾಗುತ್ತದೆ.

ದೊಡ್ಡವರ ಕೆಲಸವನ್ನೂ ನೋಡುತ್ತಿರಿ. ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಮಂಜು ಎಲ್ಲಿ ಶುರುವಾಗಿ ಬೆಟ್ಟ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಅವರ ಚಿತ್ರಗಳಲ್ಲಿ ಹುಡುಕಿ. ಪಕ್ಕದ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910–1988) ಹೂಬಿಟ್ಟ ಮರಗಳನ್ನು, ಬಯಲ ಬೆಳಕನ್ನು ಬರೆದವರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳಿವೆ. ಆ ಬೆಟ್ಟ ನಮ್ಮದಲ್ಲ, ಆದರೆ ಕೆಲವೇ ಬಣ್ಣದಲ್ಲಿ, ಅಗಲವಾದ ಆಕಾರಗಳಲ್ಲಿ ದೂರ ತೋರಿಸಿದ ರೀತಿ ಯಾವ ಬೆಟ್ಟಕ್ಕೂ ಒಪ್ಪುತ್ತದೆ.

ಒಣಗಿದ ಮೇಲೆ ಟೇಪನ್ನು ಕಾಗದಕ್ಕೆ ಒತ್ತಿದಂತೆ, ಹೊರಮುಖವಾಗಿ ನಿಧಾನಕ್ಕೆ ಎಳೆಯಿರಿ. ಹಿಂಬದಿಯಲ್ಲಿ ಜಾಗ, ತಿಂಗಳು, ಹೊತ್ತು ಬರೆದು, ಟಿಪ್ಪಣಿಯ ಪುಟವನ್ನೂ ಜೊತೆಗೇ ಇಡಿ. ಅದೇ ಬದುವಿನಿಂದ ಬೇರೆ ಕಾಲದಲ್ಲಿ ಬರೆದಾಗ ಎರಡನ್ನೂ ಹೋಲಿಸಿ ನೋಡಬಹುದು. ಗೋಡೆಗೆ ಹಾಕುವುದಾದರೆ ಗಾಜು ಹಾಕಿಸಿ, ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಇರಲಿ. ನೇರ ಬಿಸಿಲು ಬೀಳುವ ಗೋಡೆ ಬೇಡ. ಅಲಿಜರಿನ್ ಕ್ರಿಮ್ಸನ್ ಬಿಸಿಲಿಗೆ ಬೇಗ ಮಾಸುತ್ತದೆ, ಕ್ರಿಮ್ಸನ್ ಕೊಳ್ಳುವಾಗಲೇ ಅಷ್ಟು ಬೇಗ ಮಾಸದ ಕ್ವಿನಾಕ್ರಿಡೋನ್ ಅನ್ನುವ ಬಣ್ಣದ ಪುಡಿ ಇರುವ ಕೆಂಪು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.